ಗ್ರೇಹೌಂಡ್ ಹಲ್ಲು ಕಟಕಟ: ಫಿಟ್ಸ್ ಅಂದವರೆಲ್ಲ ಈಗ ವಿಡಿಯೋ ಕಳಿಸುತ್ತಾರೆ

ಗದಗ-ಬೆಟಗೇರಿ ಕಡೆ ಮುಧೋಳ ನಾಯಿ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಅಪ್ಪಟ ಗ್ರೇಹೌಂಡ್, ಅಂದರೆ ವಿದೇಶದ ಓಟದ ನಾಯಿ, ಸಾಕುವವರು ಕಡಿಮೆ. ಹಾಗಾಗಿ ಗ್ರೇಹೌಂಡ್ ಹಲ್ಲು ಕಟಕಟ ಅಂದರೆ ಇಲ್ಲಿ ಕೇಳೋಕೆ ಜನ ಸಿಗಲ್ಲ. ಸಿಕ್ಕವರು ಒಂದೇ ಮಾತು ಹೇಳುತ್ತಾರೆ: "ಫಿಟ್ಸ್ ಐತ್ರಿ ಅದಕ್ಕ."

ಫಿಟ್ಸ್ ಅಲ್ಲ ಅಂತ ನಾನು ಒಂದು ನೋಟ್‌ಬುಕ್ಕು, ಒಂದು ಮೊಬೈಲು ಇಟ್ಟುಕೊಂಡು ತೋರಿಸಿದೆ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ. ದುಡ್ಡು ನನ್ನದೇ ಹೋಗಿದೆ.

ನನ್ನ ಹತ್ತಿರ ಎರಡು ಗ್ರೇಹೌಂಡ್ ಇವೆ, ಒಂದು ಮುಧೋಳ. ಗ್ರೇಹೌಂಡ್ ಹೆಣ್ಣಿನ ಹೆಸರು ಚಿಗರಿ, ಗಂಡು ಕರಿಯಾ. ತೊಂದರೆ ಶುರುವಾಗಿದ್ದು ಚಿಗರಿಗೆ. ಆಗ ಅದಕ್ಕೆ ಐದು ವರ್ಷದ ಹತ್ತಿರ. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಎದ್ದ ಕೂಡಲೇ ದವಡೆ ನಡುಗೋದು. ನಮ್ಮಲ್ಲಿ ಆ ಹೊತ್ತಿಗೆ 14-15 ಡಿಗ್ರಿ ಇರುತ್ತದೆ ಅಷ್ಟೇ. ಮನುಷ್ಯರಿಗೆ ಅದು ದೊಡ್ಡ ಚಳಿಯಲ್ಲ. ಆದರೆ ಈ ಜಾತಿಗೆ ಚರ್ಮದ ಕೆಳಗೆ ಕೊಬ್ಬು ತೀರ ಕಡಿಮೆ, ಕೂದಲೂ ತೆಳು. ನಮ್ಮ ಓಣಿಯ ಅಜ್ಜಿಯೊಬ್ಬರಿಂದ ಹಳೆ ಸೀರೆಯ ಕೌದಿ ಹೊಲಿಸಿ, ಹೊಟ್ಟೆಯ ಕೆಳಗೆ ಕಸಿ ಕಟ್ಟುವ ಹಾಗೆ ಅಂಗಿ ಮಾಡಿಸಿದೆ. ಕೂಲಿ ಮುನ್ನೂರೋ ಮುನ್ನೂರೈವತ್ತೋ ಕೊಟ್ಟ ನೆನಪು. ಅಂಗಡಿಯಲ್ಲಿ ಸಿಗುವ ನಾಯಿ ಜಾಕೆಟ್ ಸಾವಿರದ ಮೇಲೆ. ಅದು ಗ್ರೇಹೌಂಡ್ ಎದೆಗೆ ಸರಿಯಾಗಿ ಕೂರೋದೂ ಇಲ್ಲ. ಎದೆ ಆಳ, ಸೊಂಟ ಸಣ್ಣ, ಅಳತೆ ಕೊಟ್ಟೇ ಹೊಲಿಸಬೇಕು.

ಕೌದಿ ಹಾಕಿದ ಹತ್ತು ನಿಮಿಷಕ್ಕೆ ಬೆಳಗಿನ ನಡುಕ ನಿಲ್ಲುತ್ತಿತ್ತು. ಸಂಜೆಯದು ನಿಲ್ಲಲಿಲ್ಲ. ಉಂಡ ಮೇಲೆ, ಬೆಚ್ಚಗೆ ಮಲಗಿದಾಗಲೂ ಕಟಕಟ. ಸಮಸ್ಯೆ ಇದೇ ಆಗಿತ್ತು.

ಮೊದಲ ಡಾಕ್ಟರು ನಾಯಿ ಮುಟ್ಟಿ ನೋಡಿದ್ದು ಕಡಿಮೆ, ನನ್ನ ಮಾತು ಕೇಳಿದ್ದು ಇನ್ನೂ ಕಡಿಮೆ. ಮೂರ್ಛೆಯ ಮಾತ್ರೆ ಬರೆದುಕೊಟ್ಟರು, ಫಿನೋಬಾರ್ಬಿಟೋನ್. ತಿಂಗಳಿಗೆ ನಾನೂರು ರೂಪಾಯಿ ಚಿಲ್ಲರೆ. ಗೊತ್ತಿದ್ದವರಿಗೆ ಗೊತ್ತು, ಆ ಮಾತ್ರೆ ಶುರುವಾದರೆ ನಾಯಿ ನೀರು ಕುಡಿಯುವುದು, ಹಸಿವು ಎಲ್ಲ ಜಾಸ್ತಿ. ಹಿಂದಿನ ಕಾಲು ತೂರಾಡುತ್ತವೆ. ಚಿಗರಿ 26 ಕಿಲೋ ಇದ್ದದ್ದು 29 ಮುಟ್ಟಿತು. ಕಟಕಟ ಮಾತ್ರ ಇದ್ದಂಗೇ ಇತ್ತು.

ಎರಡನೇ ಕಡೆ ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಕಡಿಮೆ ಇದೆ ಅಂದರು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 58 ಬಂದಿದ್ದಕ್ಕೆ ಮೈಯಲ್ಲಿ ನೀರಿಲ್ಲ ಅಂತ ಡ್ರಿಪ್ ಹಾಕುವ ಮಾತೂ ಬಂತು. ಗ್ರೇಹೌಂಡ್ ಸಾಕುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಈ ಜಾತಿಗೆ ಥೈರಾಯ್ಡ್ ಅಂಕಿ ಸಹಜವಾಗಿಯೇ ಕಡಿಮೆ. ಕೆಂಪು ರಕ್ತಕಣ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ. ಬೇರೆ ನಾಯಿಯ ಅಂಕಿಗಳ ಪಟ್ಟಿ ಇಟ್ಟುಕೊಂಡು ನೋಡಿದರೆ ಆರೋಗ್ಯವಾಗಿರುವ ಗ್ರೇಹೌಂಡ್ ಕೂಡ ರೋಗಿಯಾಗಿ ಕಾಣುತ್ತದೆ. ಥೈರಾಯ್ಡ್ ಮಾತ್ರೆ ನಾನು ತರಲೇ ಇಲ್ಲ. ಮೂರನೆಯವರು ಕ್ಯಾಲ್ಸಿಯಂ ಟಾನಿಕ್ ಕೊಟ್ಟರು. ಅದನ್ನು ಕರಿಯಾ ಖುಷಿಯಿಂದ ನೆಕ್ಕಿ ಮುಗಿಸಿದ.

ಇಷ್ಟರಲ್ಲಿ ಹದಿನಾಲ್ಕು-ಹದಿನೈದು ಸಾವಿರ ಹೋಗಿತ್ತು, ಹುಬ್ಬಳ್ಳಿಗೆ ಓಡಾಡಿದ ಡೀಸೆಲ್ ಬಿಟ್ಟು.

ಆಮೇಲೆ ನೋಟ್‌ಬುಕ್ ಶುರು ಮಾಡಿದೆ. ಬಾಗಿಲ ಪಕ್ಕ ದಾರ ಕಟ್ಟಿ ಪೆನ್ನು ಸಮೇತ ತೂಗುಹಾಕಿದೆ. ಮನೆಯಲ್ಲಿ ಯಾರು ನೋಡಿದರೂ ಅವರೇ ಬರೆಯಬೇಕು. ಬರೆಯಬೇಕಾದದ್ದು ನಾಲ್ಕೇ ವಿಷಯ. ಅದಕ್ಕಿಂತ ಸ್ವಲ್ಪ ಮೊದಲು ಏನಾಯಿತು. ದವಡೆ ಎರಡೂ ಕಡೆ ಆಡಿತಾ, ಒಂದೇ ಕಡೆನಾ. ಕಿವಿ, ಬಾಲ, ಕಣ್ಣು ಹೇಗಿದ್ದವು. ಹೆಸರು ಹಿಡಿದು ಕರೆದರೆ ನಿಂತಿತಾ. ನನ್ನ ಹೆಂಡತಿ ಮೊದಲ ವಾರ ಪೂರ್ತಿ ನಕ್ಕಳು. "ನಾಯಿಗೂ ಜಾತಕ ಬರಿಯಾಕತ್ತೀರೇನ್ರಿ?" ಅಂದಳು. ಆಮೇಲೆ ನನಗಿಂತ ಚೆನ್ನಾಗಿ ಬರೆದವಳು ಅವಳೇ. ಸಂಜೆ ಅಡುಗೆಮನೆಯಲ್ಲಿ ಚಿಗರಿ ಅವಳ ಕಾಲ ಬಳಿಯೇ ಇರುತ್ತಿತ್ತು.

ಒಂದೂವರೆ ತಿಂಗಳು ಬರೆದ ಮೇಲೆ ಪುಟಗಳೇ ಮಾತಾಡತೊಡಗಿದವು. ಒಂದೇ ಕಟಕಟ ಅಂದುಕೊಂಡಿದ್ದು ನಾಲ್ಕು ಬೇರೆ ಬೇರೆ ಕಟಕಟ ಆಗಿತ್ತು.

ಒಂದು ಖುಷಿಯದು. ನಾನು ಬೆಲ್ಟ್ ಕೈಗೆತ್ತಿಕೊಂಡರೆ, ಊರಿಂದ ವಾಪಸ್ ಬಂದರೆ, ಕಿವಿ ಹಿಂದೆ ಮಡಚಿ, ಬಾಲ ಬೀಸಿ, ಮುಂದಿನ ಹಲ್ಲು ಟಕಟಕ ಬಡಿಯುತ್ತದೆ. ಅಂಗಿ ತೋಳನ್ನು ಮುಂದಿನ ಹಲ್ಲಲ್ಲಿ ಮೆಲ್ಲಗೆ ಕಚ್ಚಿ ಎಳೆಯೋದೂ ಇದರ ಜೊತೆಯದೇ. ಗ್ರೇಹೌಂಡ್ ಸಾಕಿದವರಿಗೆ ಇದು ಹೊಸದಲ್ಲ. ಆದರೆ ಮುಧೋಳ ಮಾತ್ರ ಸಾಕಿದ ಗೆಳೆಯರು ಇದನ್ನು ನೋಡಿಯೇ ಹೆದರಿದ್ದರು. ನನ್ನ ಮುಧೋಳ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡಿಲ್ಲ. ಅದಕ್ಕೆ ಖುಷಿಯಾದರೆ ದೂರ ಹೋಗಿ ನಿಂತು ನೋಡುತ್ತದೆ, ಅಷ್ಟೇ. ಎರಡನೆಯದು ಚಳಿಯದು, ಅದು ಕೌದಿಗೆ ಮುಗಿಯಿತು. ಮೂರನೆಯದು ಗಾಡಿಯದು. ಗದಗದಿಂದ ಹುಬ್ಬಳ್ಳಿಗೆ 60 ಕಿಲೋಮೀಟರ್ ಒಳಗೇ, ಆದರೆ ಅಣ್ಣಿಗೇರಿ ಬರುವಷ್ಟರಲ್ಲಿ ತುಟಿ ನೆಕ್ಕೋದು, ಜೊಲ್ಲು, ದವಡೆ ನಡುಕ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದರೆ ಮುಕ್ಕಾಲು ಪಾಲು ಇಲ್ಲ. ವಾಕರಿಕೆ ಅಂತ ಅಲ್ಲಿಗೇ ಗೊತ್ತಾಯಿತು.

ನಾಲ್ಕನೆಯದು ಸಂಜೆಯದು. ಎಲ್ಲ ನಮೂದಿನಲ್ಲೂ ಮೊದಲ ಸಾಲು ಒಂದೇ: "ರೊಟ್ಟಿ ತಿಂದ ಮೇಲೆ" ಅಥವಾ "ನೀರು ಕುಡಿದ ಮೇಲೆ." ಹೆಸರು ಕರೆದರೆ ನನ್ನ ಕಡೆ ನೋಡುತ್ತದೆ, ಎದ್ದೂ ಬರುತ್ತದೆ, ಆದರೆ ದವಡೆ ಆಡುವುದು ನಿಲ್ಲುವುದಿಲ್ಲ. ಪೂರ್ತಿ ಎಚ್ಚರ ಇದೆ, ಮುಗಿದ ಮೇಲೆ ಮಂಕು ಇಲ್ಲ, ದಿಕ್ಕು ತಪ್ಪಿದಂತೆ ತಿರುಗೋದಿಲ್ಲ. ಮುಖಕ್ಕೆ ಮಾತ್ರ ಬರುವ ಸಣ್ಣ ಫಿಟ್ಸ್ ಇರುತ್ತದೆ ನಿಜ. ಆದರೆ ಅದು ರೊಟ್ಟಿಯ ಟೈಮ್ ನೋಡಿಕೊಂಡು ಬರುತ್ತದಾ?

ಮೊಬೈಲನ್ನು ನೆಲದ ಮೇಲೆ ಇಟ್ಟಿಗೆಗೆ ಒರಗಿಸಿ ಸ್ಲೋ ಮೋಷನ್‌ನಲ್ಲಿ ಊಟದ ವಿಡಿಯೋ ಮಾಡಿದೆ. ನಿಂತು ಮೇಲಿಂದ ತೆಗೆದರೆ ಏನೂ ಕಾಣಲ್ಲ, ಕ್ಯಾಮೆರಾ ನಾಯಿಯ ಬಾಯಿ ಮಟ್ಟಕ್ಕೆ ಇರಬೇಕು. ಚಿಗರಿ ಪ್ರತಿ ತುತ್ತಿಗೂ ತಲೆ ಬಲಕ್ಕೆ ವಾಲಿಸುತ್ತಿತ್ತು. ಎಡಕ್ಕೆ ಬಂದ ಚೂರು ಕೆಳಗೆ ಬೀಳುತ್ತಿತ್ತು. ಬರಿಗಣ್ಣಿಗೆ ಇಷ್ಟು ದಿನ ಇದು ಸಿಕ್ಕಿರಲಿಲ್ಲ, ಗ್ರೇಹೌಂಡ್ ತಿನ್ನುವ ಸ್ಪೀಡು ನಿಮಗೆ ಗೊತ್ತಲ್ವಾ.

ಬಾಯಿ ತೆರೆಸಿ ನೋಡಿದರೆ ಎಡಗಡೆ ಮೇಲಿನ ದೊಡ್ಡ ಹಲ್ಲಿನ ಹೊರಮೈ ಸೀಳಿತ್ತು. ಎಲುಬು ಕಡಿಯುವಾಗ ಕತ್ತರಿಯಂತೆ ಕೆಲಸ ಮಾಡುವ ಹಲ್ಲು ಅದು, ಮೂರು ಬೇರಿನದು. ಕಿಟ್ಟ ಕಟ್ಟಿ ಹಳದಿಯಾಗಿದ್ದರಿಂದ ಬಿರುಕು ಮುಚ್ಚಿಹೋಗಿತ್ತು. ಹತ್ತಿ ಸುತ್ತಿದ ಕಡ್ಡಿ ಮುಟ್ಟಿಸಿದ ಕೂಡಲೇ ಕಟಕಟ. ಬಲಗಡೆ ಮುಟ್ಟಿಸಿದರೆ ಏನೂ ಇಲ್ಲ. ಎಡಗಡೆ ಮತ್ತೆ ಮುಟ್ಟಿಸಿದರೆ ಮತ್ತೆ ಕಟಕಟ. ಕಾರಣ ಮಟನ್ ಅಂಗಡಿಯ ನಳಿ ಎಲುಬು ಅಂತ ನನ್ನ ಲೆಕ್ಕ. ಈಗ ನಮ್ಮನೆಗೆ ನಳಿ ಬರೋದಿಲ್ಲ.

ಇಲ್ಲಿ ಎರಡು ಮಾತು. ರೇಬೀಸ್ ಲಸಿಕೆ ಆಗದ ನಾಯಿ, ಅದರಲ್ಲೂ ದವಡೆ ಜೋತುಬಿದ್ದು ಜೊಲ್ಲು ಸುರಿಸುವ ನಾಯಿಯ ಬಾಯಿಗೆ ದೇವರಾಣೆಗೂ ಕೈ ಹಾಕಬೇಡಿ. ಇನ್ನೊಂದು, ಗ್ರೇಹೌಂಡ್ ಒದ್ದಾಡದೆ ಹಿಂದಿನ ಹಲ್ಲು ತೋರಿಸುವ ಹಾಗೆ ಕೂರಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಬರೆದು ಹೇಳಲ್ಲ. ಮನೆಗೆ ಬನ್ನಿ, ಚಹಾ ಕುಡಿದು ತೋರಿಸುತ್ತೇನೆ.

ವಿಡಿಯೋ ಮತ್ತು ನೋಟ್‌ಬುಕ್ ತೆಗೆದುಕೊಂಡು ಹುಬ್ಬಳ್ಳಿಯಲ್ಲಿ ನಾಲ್ಕನೇ ಡಾಕ್ಟರ ಹತ್ತಿರ ಹೋದೆ. ವಯಸ್ಸು ಚಿಕ್ಕದು, ಆದರೆ ಪುಟ ತಿರುವಿ ಓದಿದರು. "ಸರ, ಇಷ್ಟು ಬರಕೊಂಡು ಬಂದವ್ರನ್ನ ನಾ ನೋಡೇ ಇಲ್ಲರಿ" ಅಂದರು. ಹಲ್ಲು ಕೀಳಬೇಕು, ಅರಿವಳಿಕೆ ಬೇಕು. ನಾನು ಹಟ ಹಿಡಿದಿದ್ದು ಒಂದೇ ವಿಷಯಕ್ಕೆ: ಥಯೋಪೆಂಟೋನ್ ಅನ್ನೋ ಅರಿವಳಿಕೆ ಇಂಜೆಕ್ಷನ್ ಬೇಡ. ಗ್ರೇಹೌಂಡ್ ಲಿವರ್ ಅದನ್ನು ಬೇಗ ಕರಗಿಸೋದಿಲ್ಲ, ಮೈಯಲ್ಲಿ ಅಡಗಿಸಿಟ್ಟುಕೊಳ್ಳೋಕೆ ಕೊಬ್ಬೂ ಕಡಿಮೆ. ನಾಯಿ ಗಂಟೆಗಟ್ಟಲೆ ಏಳೋದಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು, ಪ್ರೊಪೊಫಾಲ್ ಅನ್ನೋ ಬೇರೆ ಇಂಜೆಕ್ಷನ್ ಕೊಟ್ಟು ಆಮೇಲೆ ಅರಿವಳಿಕೆಯ ಗ್ಯಾಸ್ ಮೇಲೆ ಇಟ್ಟರು. ಎಕ್ಸ್‌ರೇ, ಕ್ಲೀನಿಂಗ್, ಹಲ್ಲನ್ನು ಮೂರು ತುಂಡು ಮಾಡಿ ತೆಗೆದಿದ್ದು ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಮೊದಲೇ ಇಲ್ಲಿಗೆ ಬಂದಿದ್ದರೆ ಹದಿನೈದು ಸಾವಿರ ಉಳಿಯುತ್ತಿತ್ತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಇರಲಿ.

ಆಪರೇಷನ್ ಆದ ದಿನ ರಕ್ತ ನಿಂತಿದೆ ಅಂತ ನಿಶ್ಚಿಂತೆಯಾಗಿ ಇರಬೇಡಿ. ಈ ಜಾತಿಯಲ್ಲಿ ಒಂದೆರಡು ದಿನ ಬಿಟ್ಟು ರಕ್ತ ಜಿನುಗೋದು ಉಂಟು. ಚಿಗರಿಗೆ ಎರಡನೇ ರಾತ್ರಿ ಹಾಸಿಗೆಯಲ್ಲಿ ಕಲೆ ಕಂಡಿತು. ಫೋನ್ ಮಾಡಿದೆ, ಅವರು ಹೇಳಿದ ಔಷಧಿ ಕೊಟ್ಟೆ, ಬೆಳಗಾಗುವಷ್ಟರಲ್ಲಿ ನಿಂತಿತ್ತು. ಎರಡು ವಾರ ಜೋಳದ ನುಚ್ಚು, ಮಜ್ಜಿಗೆ, ಮೆತ್ತಗೆ ಬೇಯಿಸಿದ ಕೋಳಿ. ಮೂರನೇ ವಾರದ ಪುಟದಲ್ಲಿ ಸಂಜೆಯ ಜಾಗ ಖಾಲಿ. ಮೂರ್ಛೆಯ ಮಾತ್ರೆಯನ್ನು ಅದೇ ಡಾಕ್ಟರ ಲೆಕ್ಕದಂತೆ ಎರಡು-ಮೂರು ತಿಂಗಳು ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸಿದೆವು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಇಲ್ಲದ ಫಿಟ್ಸ್ ನಿಜವಾಗಿಯೂ ಬರಬಹುದು, ನೆನಪಿರಲಿ.

ಬೆಲ್ಟ್ ನೋಡಿದಾಗಿನ ಟಕಟಕ ಮಾತ್ರ ಹಾಗೇ ಇದೆ. ಅದನ್ನು ನಿಲ್ಲಿಸುವ ಆಸೆ ನನಗಿಲ್ಲ.

ಕೈ ಸುಮ್ಮನಿರದೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಖಡಕ್ ರೊಟ್ಟಿ ಕಡಿದರೆ ಹಲ್ಲಿನ ಕಿಟ್ಟ ಹೋಗುತ್ತದೆ ಅಂತ ರೋಣದ ಗೆಳೆಯನ ವಾದ. ಎರಡು ತಿಂಗಳು ಕರಿಯಾನಿಗೆ ದಿನಾ ಕೊಟ್ಟೆ. ರೊಟ್ಟಿ ಒಂದೇ ಕಡಿತಕ್ಕೆ ಪುಡಿ, ಒಸಡಿನ ಹತ್ತಿರ ತಲುಪೋದೇ ಇಲ್ಲ. ಹಿಟ್ಟು ಹಲ್ಲಿಗೆ ಮೆತ್ತಿಕೊಂಡಿದ್ದೇ ಲಾಭ. ಕಿಟ್ಟ ಕಟ್ಟದ ಹಾಗೆ ನೋಡಿಕೊಳ್ಳೋಕೆ ಬ್ರಷ್ಷೇ ಒಳ್ಳೆ ದಾರಿ. ಮಕ್ಕಳ ಮೆತ್ತನೆ ಬ್ರಷ್, ನಾಯಿಯ ಪೇಸ್ಟ್. ನಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳೋಕೆ ಬರಲ್ಲ, ಕೆಲವು ಪೇಸ್ಟ್‌ನಲ್ಲಿ ಸಿಹಿಗೆ ಹಾಕುವ ಜೈಲಿಟಾಲ್ ನಾಯಿಗೆ ವಿಷ. ನಾಯಿ ಪೇಸ್ಟ್ ಮುನ್ನೂರು ರೂಪಾಯಿ ಅಂತ ಬೈದುಕೊಂಡು ತರುತ್ತೇನೆ.

ಕರಿಯಾನ ಕಟಕಟ ಇನ್ನೊಂದು ಬಗೆ. ಬೀದಿಯಲ್ಲಿ ಬೇರೆ ನಾಯಿಯ ಉಚ್ಚೆ ಮೂಸಿ, ನಾಲಿಗೆ ಅಂಗುಳಿಗೆ ಒತ್ತಿ, ಹಲ್ಲು ಬಡಿದು, ಬಾಯಲ್ಲಿ ನೊರೆ ಮಾಡಿಕೊಳ್ಳುತ್ತಾನೆ. ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳದಲ್ಲಿ ಸಣ್ಣ ರಂಧ್ರ ಇರುತ್ತದೆ, ಆ ವಾಸನೆಯನ್ನು ಅಲ್ಲಿಗೆ ತಳ್ಳುವ ಕೆಲಸ ಅದು. ನಂಬದ ಗೆಳೆಯನ ಮುಂದೆ ಎರಡು ಹತ್ತಿ ಉಂಡೆ ಇಟ್ಟೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಬೆದೆಗೆ ಬಂದ ಹೆಣ್ಣು ನಾಯಿಯ ಉಚ್ಚೆ. ಎರಡನೆಯದಕ್ಕೇ ನೊರೆ ಬಂತು. ಬೆಟ್ಟಿನಲ್ಲಿ ಗೆದ್ದಿದ್ದು ಒಂದು ಪ್ಲೇಟ್ ಮಿರ್ಚಿ-ಮಂಡಕ್ಕಿ.

ಎಲ್ಲ ಕಟಕಟವನ್ನೂ ನೋಟ್‌ಬುಕ್ಕಿಗೆ ಬರೆಯುತ್ತಾ ಕೂರುವ ಹಾಗಿಲ್ಲ. ಬ್ಯಾಡಗಿ ಕಡೆಯ ಗೆಳೆಯರೊಬ್ಬರು ಒಂದು ಸಂಜೆ ವಿಡಿಯೋ ಕಳಿಸಿದರು. ದವಡೆ ನಡುಕ, ಜೊಲ್ಲು ಧಾರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಮೆಣಸಿನಕಾಯಿ ಹೊಲಕ್ಕೆ ಅವತ್ತೇ ಔಷಧಿ ಹೊಡೆದಿದ್ದರು. "ಅಣ್ಣಾರ, ಬರಿಯೂದು ಬ್ಯಾಡ, ಗಾಡಿ ತಗೀರಿ" ಅಂದೆ. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಸಮಯಕ್ಕೆ ಬಿತ್ತು, ನಾಯಿ ಉಳಿಯಿತು. ನಾಯಿಗೆ ಬರುವ ವೈರಸ್ ರೋಗ ಡಿಸ್ಟೆಂಪರ್ ಕೂಡ ಹಾಗೇ. ಚೂಯಿಂಗ್ ಗಮ್ ಅಗಿದ ಹಾಗೆ ದವಡೆ ಆಡುತ್ತದೆ, ಮೈಯ ಒಂದು ಭಾಗ ತಾಳಕ್ಕೆ ಕುಣಿದಂತೆ ಅದುರುತ್ತದೆ, ನಿದ್ದೆಯಲ್ಲೂ ಬಿಡದೆ ಇರಬಹುದು. ಲಸಿಕೆ ತಪ್ಪಿದ ಮರಿಯಲ್ಲಿ ಹೀಗೆ ಕಂಡರೆ ಅದೇ ದಿನ ಆಸ್ಪತ್ರೆ. ಬೇರೆ ನಾಯಿಗಳಿಂದ ದೂರ ಇಡಿ.

ಈಗ ವಾರಕ್ಕೆ ಒಂದೆರಡು ವಿಡಿಯೋ ಬರುತ್ತವೆ, ಹೆಚ್ಚಿನವು ಫಿಟ್ಸ್ ಅಂದವರದೇ. ಕಳಿಸೋದಾದರೆ ಕಟಕಟ ಶುರುವಾದ ಮೇಲಿನದು ಮಾತ್ರ ಸಾಲದು, ಊಟದ ವಿಡಿಯೋನೂ ಬೇಕು. ಕ್ಯಾಮೆರಾ ಬಾಯಿ ಮಟ್ಟಕ್ಕೆ ಇರಲಿ, ಟ್ಯೂಬ್‌ಲೈಟ್ ಹಾಕಿರಿ, ಟಿವಿ ಬಂದ್ ಮಾಡಿರಿ. ನಡುವೆ ಒಮ್ಮೆ ನಾಯಿಯ ಹೆಸರು ಕರೆಯಿರಿ. ಹೆಸರು ಕರೆಯದ ವಿಡಿಯೋಗೆ ನಾನು ಉತ್ತರ ಕೊಡಲ್ಲ.