ಬಂಡೆ ನೋಡಿ, ಆಮೇಲೆ ಗುಹೆಗೆ ಹೋಗಿ: ಲೆಜೇಜಿ ಸುತ್ತಮುತ್ತ ನನ್ನ ಓಡಾಟ

ಲೆಜೇಜಿ ನೈರುತ್ಯ ಫ್ರಾನ್ಸಿನ ದೋರ್ದೋನ್ ಜಿಲ್ಲೆಯ ಒಂದು ಸಣ್ಣ ಊರು. ಒಂದು ಮುಖ್ಯ ಬೀದಿ, ಒಂದು ರೈಲು ನಿಲ್ದಾಣ, ಪಕ್ಕದಲ್ಲಿ ವೆಝೇರ್ ನದಿ, ಬೀದಿಯ ಮೇಲೆ ಬಾಗಿ ನಿಂತ ಸುಣ್ಣಕಲ್ಲಿನ ದೊಡ್ಡ ಬಂಡೆ. ಕೆಲಸಕ್ಕೆಂದು ತುಲೂಸ್‌ಗೆ ಬಂದ ಮೇಲೆ, ರಜೆ ಸಿಕ್ಕಾಗಲೆಲ್ಲ ನಾನು ಹೋಗುವುದು ಇಲ್ಲಿಗೇ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ, ಒಬ್ಬಂಟಿಯಾಗಿ ನಡೆದಾಡಿದ್ದೂ ಇದೆ. ‘ಅಲ್ಲಿ ಏನೇನು ನೋಡಬೇಕು, ಯಾವುದು ಮೊದಲು?’ ಅಂತ ಗೆಳೆಯರು ಕೇಳುತ್ತಿರುತ್ತಾರೆ. ನಾನು ನೋಡುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಹೆಚ್ಚಿನವರು ಈ ಕಣಿವೆಗೆ ಬರುವುದು ಲಾಸ್ಕೊ ಹೆಸರು ಕೇಳಿ. ಅದು ಲೆಜೇಜಿಯಿಂದ ಸುಮಾರು 25 ಕಿಲೋಮೀಟರ್ ದೂರದ ಮೋಂತಿನ್ಯಾಕ್‌ನಲ್ಲಿದೆ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ, ಗೋಡೆಯ ಮೇಲೆ ಹಿಮಯುಗದ ಚಿತ್ರಗಳಿರುವ ಗುಹೆ. ನೋಡಲು ಬಂದವರ ಉಸಿರಿಗೆ, ದೀಪದ ಬೆಳಕಿಗೆ ಗೋಡೆಗಳು ಪಾಚಿ ಹಿಡಿಯತೊಡಗಿದವು, 1963ರಲ್ಲಿ ಬಾಗಿಲು ಮುಚ್ಚಿದರು. ಈಗ ನಾವು ನೋಡುವುದು 2016ರಲ್ಲಿ ತೆರೆದ ಪ್ರತಿಕೃತಿ. ಚೆನ್ನಾಗಿಯೇ ಇದೆ, ಮಕ್ಕಳಿಗಂತೂ ತುಂಬ ಹಿಡಿಸುತ್ತದೆ. ಆದರೆ ಅಲ್ಲಿಂದ ಶುರು ಮಾಡಬೇಡಿ. ಮೊದಲು ಬಂಡೆ ನೋಡಿ.

ಸುಮಾರು 9 ಕೋಟಿ ವರ್ಷಗಳ ಹಿಂದೆ ಈ ಜಾಗ ಸಮುದ್ರದ ತಳವಾಗಿತ್ತು. ಆಗ ಪದರ ಪದರವಾಗಿ ಕೂತ ಸುಣ್ಣಕಲ್ಲನ್ನು ನದಿ ಕೊರೆದು ಕಣಿವೆ ಮಾಡಿತು. ಪದರಗಳಲ್ಲಿ ಕೆಲವು ಗಟ್ಟಿ, ಕೆಲವು ಮೆದು. ಚಳಿಗಾಲದಲ್ಲಿ ಮೆದು ಪದರಕ್ಕೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೇಲಿನ ಗಟ್ಟಿ ಪದರ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡು ಉಳಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಸೂರಾದರೆ ಚಳಿಗಾಲದಲ್ಲೂ ಬಿಸಿಲು, ಎದುರಿಗೇ ನೀರು, ಮೇಲಿಂದ ಮಳೆಯಿಲ್ಲ. ಹಿಮಯುಗದ ಜನ ಬದುಕಿದ್ದು ಇಂಥ ಸೂರುಗಳ ಕೆಳಗೆ. ಗುಹೆಯ ಒಳಗೆ, ಕತ್ತಲಲ್ಲಿ ಅಲ್ಲ. ಒಳಗೆ ಹೋಗುತ್ತಿದ್ದದ್ದು ಚಿತ್ರ ಬರೆಯಲು. ಈ ಒಂದು ವಿಷಯ ತಲೆಯಲ್ಲಿದ್ದರೆ ಇಡೀ ಕಣಿವೆ ಅರ್ಥವಾಗುತ್ತಾ ಹೋಗುತ್ತದೆ.

ಹಾಗಾಗಿ ಮೊದಲ ಬೆಳಿಗ್ಗೆ ನಾನು ಯಾವ ಟಿಕೆಟ್ಟೂ ತೆಗೆದುಕೊಳ್ಳುವುದಿಲ್ಲ. ಸುಮ್ನೆ ಬೀದಿಯಲ್ಲಿ ನಡೆಯುತ್ತೇನೆ. ಬಂಡೆಗೆ ಒರಗಿದ ಮನೆಗಳನ್ನು ಹತ್ತಿರ ಹೋಗಿ ನೋಡಿ. ಹಿಂದಿನ ಗೋಡೆ ಕಟ್ಟಿದ್ದಲ್ಲ, ಬಂಡೆಯೇ ಗೋಡೆ. ಮೇಲೆ ಕಣ್ಣು ಹಾಯಿಸಿದರೆ ಕಲ್ಲಿನಲ್ಲಿ ಸಾಲಾಗಿ ಕೊರೆದ ಚೌಕ ತೂತುಗಳು ಕಾಣುತ್ತವೆ. ಹಳೆಯ ಕಾಲದ ಮಾಳಿಗೆಯ ತೊಲೆಗಳನ್ನು ಸಿಕ್ಕಿಸಿದ ಜಾಗ ಅವು. ಮರ ಎಂದೋ ಹೋಗಿದೆ, ತೂತುಗಳು ಇವೆ. ಅದೇ ರಸ್ತೆಯಲ್ಲಿ ರೈಲು ನಿಲ್ದಾಣದ ಕಡೆ ಹೋದರೆ, ಒಂದು ಹೋಟೆಲಿನ ಹಿಂದೆ ಕ್ರೋಮ್ಯಾಗ್ನನ್ ಅನ್ನುವ ಜಾಗ. 1868ರಲ್ಲಿ ಮಣ್ಣು ಅಗೆಯುವಾಗ ಇಲ್ಲೇ ಅಸ್ಥಿಪಂಜರಗಳು ಸಿಕ್ಕವು. ಶಾಲೆಯ ಪಾಠದಲ್ಲಿ ಓದಿದ ಕ್ರೋಮ್ಯಾಗ್ನನ್ ಮಾನವನಿಗೆ ಹೆಸರು ಬಂದಿದ್ದು ಈ ಬಂಡೆಯ ಬುಡದಿಂದ.

ಆಮೇಲೆ ಮೆಟ್ಟಿಲು ಹತ್ತಿ ರಾಷ್ಟ್ರೀಯ ಪ್ರಾಗೈತಿಹಾಸ ವಸ್ತುಸಂಗ್ರಹಾಲಯ. ಕಲ್ಲಿನ ಉಪಕರಣಗಳ ಸಾಲು ಸಾಲು ಕಪಾಟುಗಳು ಮೊದಲಿಗೆ ಬೇಸರ ತರಿಸಬಹುದು. ಎಲ್ಲವನ್ನೂ ನೋಡಲು ಹೋಗಬೇಡಿ. ಒಂದನ್ನು ಮಾತ್ರ ತಪ್ಪಿಸಬೇಡಿ: ಹಿಮಸಾರಂಗದ ಕೊಂಬಿನಲ್ಲಿ ಕೆತ್ತಿದ, ಅಂಗೈಯಷ್ಟು ಚಿಕ್ಕ ಕಾಡೆಮ್ಮೆ. ತಲೆ ಹಿಂದಕ್ಕೆ ತಿರುಗಿಸಿ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಿದೆ. ತಲೆ ಮುಂದಕ್ಕೆ ಚಾಚಲು ಕೊಂಬಿನಲ್ಲಿ ಜಾಗವಿರಲಿಲ್ಲ. ಕೆತ್ತಿದವನು ತಲೆಯನ್ನು ಹಿಂದಕ್ಕೆ ತಿರುಗಿಸಿಬಿಟ್ಟ, ಪ್ರಾಣಿಗೆ ಜೀವ ಬಂತು. ಕುತ್ತಿಗೆಯ ರೋಮ, ಕಣ್ಣಿನ ಅಂಚು, ಹೊರಗೆ ಚಾಚಿದ ನಾಲಗೆ, ಎಲ್ಲವೂ ಇದೆ. ಆ ಗಾಜಿನ ಮುಂದೆ ನಿಂತರೆ ನನಗೆ ಹೊರಡಲು ಮನಸ್ಸೇ ಬರುವುದಿಲ್ಲ.

ಇದು ಸಿಕ್ಕಿದ್ದು ಹತ್ತಿರದ ಲಾ ಮಾದ್ಲೆನ್ ಎಂಬ ಸೂರಿನ ಕೆಳಗೆ. ಅಲ್ಲಿ 1863ರಲ್ಲಿ ಅಗೆತ ಶುರು ಮಾಡಿದವರು ಪ್ರಾಗೈತಿಹಾಸದ ಸಂಶೋಧಕರಾದ ಎದುವಾರ್ ಲಾರ್ತೆ ಮತ್ತು ಹೆನ್ರಿ ಕ್ರಿಸ್ಟಿ. ಅದೇ 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಭಾರತದ ಹಳೆ ಶಿಲಾಯುಗದ ಕಲ್ಲಿನ ಕೊಡಲಿ ಸಿಕ್ಕಿತು. ಮುಂದೆ ನಮ್ಮ ಬಳ್ಳಾರಿ ಸುತ್ತಮುತ್ತ ಬೆಟ್ಟ ಬೆಟ್ಟ ಅಲೆದವನು ಇದೇ ಫೂಟ್. ಎರಡು ಕಡೆಯ ಹುಡುಕಾಟ ಒಂದೇ ವರ್ಷ ಶುರುವಾಗಿದೆ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಇಷ್ಟಾದ ಮೇಲೆ ಗುಹೆ. ಊರಿನ ಅಂಚಿನಲ್ಲೇ ಫೋಂ ದ ಗೋಮ್ ಇದೆ. ಹಲವು ಬಣ್ಣಗಳ ಹಿಮಯುಗದ ಚಿತ್ರಗಳಿದ್ದು, ಫ್ರಾನ್ಸಿನಲ್ಲಿ ಜನ ಇನ್ನೂ ಒಳಹೊಕ್ಕು ನೋಡಬಹುದಾದ ಅಸಲಿ ಗುಹೆ. ದಿನಕ್ಕೆ ಸ್ವಲ್ಪವೇ ಜನರನ್ನು ಬಿಡುತ್ತಾರೆ, ಟಿಕೆಟ್ ಬಹಳ ಬೇಗ ಮುಗಿಯುತ್ತದೆ. ಮೊದಲು ಗುಹೆಯ ಟಿಕೆಟ್ ಕಾದಿರಿಸಿ, ಆಮೇಲೆ ತಂಗುವ ಕೋಣೆ ನೋಡಿಕೊಳ್ಳಿ. ನಾನು ಹಾಗೆಯೇ ಮಾಡುವುದು. ಟಿಕೆಟ್ ಕೌಂಟರಿನಿಂದ ಏರು ದಾರಿ ಇದೆ, ಮೊಣಕಾಲು ನೋವಿನವರು ನಿಧಾನಕ್ಕೆ ಹತ್ತಲಿ. ಒಳಗೆ ವರ್ಷವಿಡೀ ತಂಪು. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ.

ಒಳದಾರಿ ಇಕ್ಕಟ್ಟು. ಒಂದು ಕಡೆ ಮೈ ಓರೆ ಮಾಡಿ ನಡೆಯಬೇಕು. ಮಾರ್ಗದರ್ಶಿ ಸಣ್ಣ ದೀಪವನ್ನು ಗೋಡೆಯ ಪಕ್ಕದಿಂದ ಹಿಡಿಯುತ್ತಾರೆ. ಮೊದಲಿಗೆ ಬರೀ ಕೆಂಪು ಕಪ್ಪು ಕಲೆ. ಬೆಳಕು ಸ್ವಲ್ಪ ಸರಿದರೆ ಕಲ್ಲಿನ ಉಬ್ಬು ಕಾಡೆಮ್ಮೆಯ ಭುಜವಾಗುತ್ತದೆ, ಒಂದು ಗೆರೆ ಬೆನ್ನಾಗುತ್ತದೆ. ಒಂದು ಕಡೆ ಕುದುರೆಯ ಹಿಂಗಾಲನ್ನು ಬರೆದೇ ಇಲ್ಲ, ನೀರಿನ ಜೊತೆ ಗೋಡೆಯ ಮೇಲೆ ಇಳಿದು ಗಟ್ಟಿಯಾದ ಸುಣ್ಣದ ಏಣನ್ನೇ ಕಾಲಾಗಿ ಬಳಸಿದ್ದಾರೆ. ಇನ್ನೊಂದು ಕಡೆ ಒಂದು ಹಿಮಸಾರಂಗ ಮಂಡಿಯೂರಿದೆ, ಎದುರಿನದು ಬಾಗಿ ಅದರ ಹಣೆ ನೆಕ್ಕುತ್ತಿದೆ. ಬೆಳಗ್ಗೆ ಬಂಡೆಯನ್ನು ಗಮನವಿಟ್ಟು ನೋಡಿದವರಿಗೆ ಇಲ್ಲಿ ಗೋಡೆಯೂ ಕಾಣುತ್ತದೆ, ಚಿತ್ರವೊಂದೇ ಅಲ್ಲ. ಅದಕ್ಕೇ ನಾನು ಆ ಕ್ರಮಕ್ಕೆ ಅಷ್ಟು ಪಟ್ಟು ಹಿಡಿಯುವುದು.

ಟಿಕೆಟ್ ಸಿಗದಿದ್ದರೆ, ಅಥವಾ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ, ರೂಫಿನ್ಯಾಕ್ ಗುಹೆಗೆ ಹೋಗಿ. ಅಲ್ಲಿ ಚಿಕ್ಕ ಎಲೆಕ್ಟ್ರಿಕ್ ರೈಲಿನಲ್ಲಿ ಕೂರಿಸಿ ಒಳಗೆ ಕರೆದೊಯ್ಯುತ್ತಾರೆ. ಮ್ಯಾಮತ್‌ಗಳ, ಅಂದರೆ ಹಿಮಯುಗದ ಉದ್ದ ಕೂದಲಿನ ಆನೆಗಳ, ಚಿತ್ರಗಳಿರುವ ಗುಹೆ ಅದು. ನೆಲದಲ್ಲಿ ಗುಹೆಕರಡಿಗಳು ಚಳಿಗಾಲ ಕಳೆಯಲು ತೋಡಿದ ಗುಂಡಿಗಳು, ಗೋಡೆಯ ಮೇಲೆ ಅವುಗಳ ಉಗುರಿನ ಗೀರು. ಕೊನೆಗೆ ರೈಲು ನಿಂತಾಗ ಚಾವಣಿ ನೋಡಿ. ಕಪ್ಪು ಗೆರೆಯಲ್ಲಿ ಕುದುರೆ, ಐಬೆಕ್ಸ್ ಆಡು, ಮ್ಯಾಮತ್ ಒಂದರ ಮೇಲೊಂದು. ಈಗ ನಿಂತು ನೋಡಲು ನೆಲ ಅಗೆದಿದ್ದಾರೆ. ಬರೆದವರ ಕಾಲದಲ್ಲಿ ನೆಲಕ್ಕೂ ಚಾವಣಿಗೂ ಸುಮಾರು ಒಂದು ಮೀಟರ್ ಅಂತರ ಅಷ್ಟೆ. ಅಂಗಾತ ಮಲಗಿ, ಇಡೀ ಪ್ರಾಣಿಯನ್ನು ಒಮ್ಮೆಗೆ ಕಾಣಲಾಗದೆ, ಇಷ್ಟು ಸರಿಯಾಗಿ ಬರೆದಿದ್ದಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೆನಪಿರಲಿ.

ಮಧ್ಯಾಹ್ನಗಳನ್ನು ನಾನು ಬಯಲಿಗೆ ಮೀಸಲಿಡುತ್ತೇನೆ. ಲಾ ರೋಕ್ ಸೇಂ ಕ್ರಿಸ್ತೋಫ್ ನದಿಯ ಮೇಲ್ಭಾಗಕ್ಕಿದೆ. ಸುಮಾರು ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರದ ಬಂಡೆ, ಅದರಲ್ಲಿ ಅಂತಸ್ತು ಅಂತಸ್ತಾಗಿ ಸೂರುಗಳು. ಮಧ್ಯಯುಗದಲ್ಲಿ ಇಲ್ಲೊಂದು ಊರೇ ಇತ್ತು. ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಧರ್ಮಯುದ್ಧಗಳ ಕಾಲದಲ್ಲಿ, 1588ರಲ್ಲಿ, ಅದನ್ನು ಕೆಡವಿದರು. ಉಳಿದಿರುವುದು ಕಲ್ಲಿನಲ್ಲಿ ಕೊರೆದ ಕಾಲುವೆ, ಹಗ್ಗ ಕಟ್ಟುವ ಕಲ್ಲಿನ ಬಳೆ, ಲೆಜೇಜಿಯಲ್ಲಿ ನೋಡಿದಂಥದ್ದೇ ತೊಲೆಯ ತೂತು. ಕಟಕಟೆ ಇದ್ದರೂ ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಅಲ್ಲಿಂದ ಸೇಂ ಲೆಯೋಂ ಹತ್ತಿರ. ನದಿ ದಂಡೆಯಲ್ಲಿ 12ನೇ ಶತಮಾನದ ಚರ್ಚು, ಚಪ್ಪಡಿ ಕಲ್ಲಿನ ಮಾಡು. ಅದೇ ಊರಿನ ಗುಡ್ಡದ ಮೇಲೆ ಒಂದು ಟಿಬೆಟನ್ ಬೌದ್ಧ ಕೇಂದ್ರವೂ ಇದೆ. ಬೈಲುಕುಪ್ಪೆ ಕಂಡವರಿಗೆ ಇಲ್ಲಿ ಖುಷಿಯಾಗುತ್ತದೆ. ಬೇಸಿಗೆಯಾದರೆ ಸೇಂ ಲೆಯೋಂನಿಂದ ಲೆಜೇಜಿಗೆ ಬಾಡಿಗೆ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬನ್ನಿ. ನೀರು ಶಾಂತ. ರಸ್ತೆಯಿಂದ ತುಂಡು ತುಂಡಾಗಿ ಕಾಣುವ ಬಂಡೆ ನದಿಯಿಂದ ಇಡಿಯಾಗಿ ಕಾಣುತ್ತದೆ.

ಊಟದ ವಿಷಯ. ಇದು ಬಾತುಕೋಳಿಯ ಸೀಮೆ. ಸಸ್ಯಾಹಾರಿಗಳು ಹುರಿದ ಆಲೂಗಡ್ಡೆಯನ್ನೂ ಕೇಳಿಯೇ ತಿನ್ನಬೇಕು, ಯಾಕೆಂದರೆ ಇಲ್ಲಿ ಅದನ್ನು ಹುರಿಯುವುದೇ ಬಾತುಕೋಳಿಯ ಕೊಬ್ಬಿನಲ್ಲಿ. ಅಕ್ರೋಟಿನ ಎಣ್ಣೆ ಹಾಕಿದ ಸಲಾಡ್, ಆಡಿನ ಹಾಲಿನ ಚಿಕ್ಕ ಚೀಸ್, ಒಳ್ಳೆಯ ಬ್ರೆಡ್ ಸಿಕ್ಕರೆ ನಮ್ಮ ಮನೆಯವರಿಗೆ ಸಾಕು. ವಸಂತದಲ್ಲಿ ಸಂತೆಯ ಸ್ಟ್ರಾಬೆರಿ ಬಿಡಬೇಡಿ. ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, ಹಾಗಾಗಿ ಬುತ್ತಿಯನ್ನು ಬೆಳಗ್ಗೆಯೇ ಕಟ್ಟಿಕೊಳ್ಳಿ. ಅಜಾನ್‌ನಿಂದ ಪೆರಿಗೆಗೆ ಹೋಗುವ ರೈಲು ಲೆಜೇಜಿಯಲ್ಲಿ ನಿಲ್ಲುತ್ತದೆ, ಆದರೆ ದಿನಕ್ಕೆ ಕೆಲವೇ ಗಾಡಿ. ಊರಿಂದ ಊರಿಗೆ ಓಡಾಡಲು ಕಾರು ಬೇಕೇ ಬೇಕು.

ಸಮಯ ಉಳಿದರೆ ಬ್ಯೋನ್ ಹೊಳೆಯ ಕಣಿವೆಗೆ ಹೋಗಿ. ಒಂದು ದಡದಲ್ಲಿ ಕಾಪ್ ಬ್ಲಾಂ. ಬಂಡೆಯ ಸೂರಿನ ಕೆಳಗೆ ಕಲ್ಲನ್ನೇ ಕಡೆದು ಮಾಡಿದ ಕುದುರೆಗಳ ಸಾಲು, 1909ರಲ್ಲಿ ಸಿಕ್ಕಿದ್ದು. ಎದುರು ದಡದಲ್ಲಿ ಕೊಮಾರ್ಕ್ ಕೋಟೆ. ಪಾಳು ಬಿದ್ದಿದ್ದ ಅದನ್ನು 1968ರಿಂದ ಮೇಲೆತ್ತುತ್ತಾ ಬಂದಿದ್ದಾರೆ. ಕೋಟೆ ನಿಂತ ಬಂಡೆಯ ಅಡಿಯ ಗುಹೆಯಲ್ಲೂ ಕೆತ್ತಿದ ಕುದುರೆಯ ತಲೆ ಇದೆ, ಆದರೆ ಅಲ್ಲಿಗೆ ಸಾರ್ವಜನಿಕರನ್ನು ಬಿಡುವುದಿಲ್ಲ. ಕಾರು ನಿಲ್ಲಿಸಿದ ಮೇಲೆ ಕೋಟೆಗೆ ಕಾಡಿನ ದಾರಿಯಲ್ಲಿ ಸ್ವಲ್ಪ ನಡೆಯಬೇಕು. ಮಳೆ ಬಂದಿದ್ದರೆ ಜಾರುತ್ತದೆ, ಒಳ್ಳೆ ಶೂ ಹಾಕಿಕೊಂಡು ಹೋಗಿ. ಕುದುರೆಗಳನ್ನು ಮೊದಲು ನೋಡಿ, ಕೋಟೆಯನ್ನು ಆಮೇಲೆ ಇಟ್ಟುಕೊಳ್ಳಿ.