ಎರಡಡಿ ಹಲಗೆಯ ಮೇಲೆ ಮಾಯಕೊಂಡದ ಕಾಳಗ: ನಿಯಮ ಆರಿಸಿದ್ದು, ತಿದ್ದಿದ್ದು

ಚಿತ್ರದುರ್ಗದ ಇತಿಹಾಸವನ್ನು ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆ ಇಟ್ಟು, ದಾಳ ಹಾಕಿ ಯುದ್ಧದಾಟವಾಗಿ (ವಾರ್‌ಗೇಮ್) ಆಡಬೇಕೆನ್ನುವವರು ಮೊದಲು ಕೇಳುವುದು ‘ಯಾವ ರೂಲ್‌ಬುಕ್ ಒಳ್ಳೆಯದು?’ ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು, ಆಡುವವರು ಯಾರ ಜಾಗದಲ್ಲಿ ಕೂತಿದ್ದಾರೆ ಅನ್ನುವುದು. ಓಬವ್ವನ ಕಿಂಡಿ ಆಡುವುದಾದರೆ ಒಂದು ಗೊಂಬೆಗೆ ಒಬ್ಬ ಮನುಷ್ಯ. 28 ಮಿ.ಮೀ. ಗೊಂಬೆ ಹತ್ತು ಹನ್ನೆರಡು ಸಾಕು, ‘ಒಂದು ಸರದಿಗೆ ಕಿಂಡಿಯಿಂದ ಒಬ್ಬನೇ ನುಸುಳಬಹುದು’ ಎಂಬ ಒಂದು ನಿಯಮದಲ್ಲೇ ಆಟವೆಲ್ಲ ಇದೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದನ್ನು ಆಡುವುದಾದರೆ ಒಂದು ಸರದಿ ಅಂದರೆ ವಾರ. ದವಸ, ಮದ್ದು, ನೀರಿನ ಲೆಕ್ಕ. ಅದಕ್ಕೆ ಗೊಂಬೆಗಿಂತ ನಕ್ಷೆಯೇ ವಾಸಿ. ಪಾಳೆಯಗಾರನ ಜಾಗದಲ್ಲಿ ಕೂತು ಬಯಲಲ್ಲಿ ದಂಡು ನಡೆಸಬೇಕೆಂದರೆ ಮಾಯಕೊಂಡ ಇದೆ, ದಾವಣಗೆರೆಯಿಂದ ಚಿಕ್ಕಜಾಜೂರಿಗೆ ಹೋಗುವ ರೈಲುಹಾದಿಯಲ್ಲೇ.

1748ರ ಆ ಕಾಳಗದಲ್ಲಿ ಒಂದು ಕಡೆ ದುರ್ಗದ ಮದಕರಿ ನಾಯಕ, ಜೊತೆಗೆ ಆರ್ಕಾಟಿನ ನವಾಬಗಿರಿಯ ಹಕ್ಕುದಾರ ಚಂದಾ ಸಾಹೇಬ. ಎದುರಿಗೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು. ಆನೆಯ ಮೇಲಿದ್ದ ನಾಯಕನನ್ನು ಹರಪನಹಳ್ಳಿಯ ಸೋಮಶೇಖರ ನಾಯಕ ಕೊಂದ, ಚಂದಾ ಸಾಹೇಬ ಸೆರೆಯಾದ. ನಿಯಮ ಏನೇ ಇರಲಿ, ಎರಡು ಸಂಗತಿ ಮೇಜಿನ ಮೇಲೆ ಕಾಣಬೇಕು: ನಾಲ್ಕು ಯಜಮಾನರ ಕೂಟದಂಡಿನ ಒದ್ದಾಟ, ಎತ್ತರದಲ್ಲಿ ಕೂತ ದಳಪತಿಗಿರುವ ಅಪಾಯ.

ಕಾಲ ನೋಡಿ ಪುಸ್ತಕ ಆರಿಸಿದರೆ ಇಲ್ಲೇ ಎಡವುತ್ತೀರಿ. 18ನೇ ಶತಮಾನದ ಕಾಳಗ ಆಡಲು ಇರುವ ನಿಯಮಗಳು ಹೆಚ್ಚಾಗಿ ಯುರೋಪಿನ ಕವಾಯತು ದಂಡಿಗೆಂದು ಬರೆದವು. ಸಾಲು, ಕಂಬಸಾಲು, ಒಟ್ಟಿಗೆ ಹಾರುವ ಗುಂಡಿನ ಲೆಕ್ಕವೇ ಅರ್ಧ ಪುಸ್ತಕ. ಬತ್ತಿಕೋವಿ, ಈಟಿ, ಕತ್ತಿ ಹಿಡಿದ ಬೇಡರ ಪಡೆಗೆ ಅದರಲ್ಲಿ ಸಿಗುವುದು ‘ಕವಾಯತಿಲ್ಲ’ ಎಂಬ ಕಡಿತದ ಅಂಕ ಮಾತ್ರ. ನಾನು ಹಿಡಿದದ್ದು ಡಿಬಿಎ, ಅಂದರೆ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’, ಪ್ರಾಚೀನ ಮತ್ತು ಮಧ್ಯಯುಗದ ಕಾಳಗಗಳಿಗೆಂದು ಬರೆದ ನಿಯಮಪುಸ್ತಕ. ಅದರ ಕಾಲ ಸುಮಾರು 1500ಕ್ಕೇ ಮುಗಿಯುತ್ತದೆ, ಆದರೂ ಎಲುಬುಗೂಡು ನಮಗೆ ಸರಿಹೋಗುತ್ತದೆ. ಒಂದೊಂದು ಕಡೆ 12 ತುಕಡಿ. 15 ಮಿ.ಮೀ. ಗೊಂಬೆಗಳನ್ನು ಅಂಟಿಸಲು ತುಕಡಿಗೊಂದು 40 ಮಿ.ಮೀ. ಅಗಲದ ತಳ, ಎರಡಡಿ ಚೌಕದ ಹಲಗೆ. ಸರದಿಗೆ ಒಂದು ದಾಳ, ಬಿದ್ದಷ್ಟು ಅಪ್ಪಣೆ. ಒತ್ತಾಗಿ ನಿಂತ ಗುಂಪಿಗೆ ಒಂದೇ ಅಪ್ಪಣೆ ಸಾಕು. ಕೈಕಾಳಗದಲ್ಲಿ ಇಬ್ಬರೂ ದಾಳ ಹಾಕಿ ತಮ್ಮ ತುಕಡಿಯ ಬಲ ಕೂಡಿಸುತ್ತಾರೆ. ಕಡಿಮೆ ಬಂದವನು ಸಾಮಾನ್ಯವಾಗಿ ಹಿಮ್ಮೆಟ್ಟುತ್ತಾನೆ, ಎದುರಾಳಿಯ ಅರ್ಧ ಅಥವಾ ಅದಕ್ಕೂ ಕಡಿಮೆ ಬಂದರೆ ಸಾಮಾನ್ಯವಾಗಿ ನಾಶ. ಎದುರಾಳಿಗಿಂತ ಹೆಚ್ಚಾಗಿ, ನಾಲ್ಕು ತುಕಡಿ ಕಳೆದುಕೊಂಡವನು ಸೋತ.

ಆ ‘ಅರ್ಧ’ ಎಂಬ ಮಾತು ಚಿಕ್ಕದು, ತಿದ್ದುವವರನ್ನು ಕೆಡವುವುದೂ ಅದೇ. ‘ನಮ್ಮವರು ಗಟ್ಟಿಗರು, ಅವರೂ ಗಟ್ಟಿಗರು, ಇಬ್ಬರಿಗೂ 2 ಸೇರಿಸೋಣ, ವ್ಯತ್ಯಾಸ ಹೇಗೂ ಅಷ್ಟೇ’ ಅಂತ ಅನಿಸುತ್ತದೆ. 6×6 ಚೌಕ ಬರೆದು ನೋಡಿ. 3ಕ್ಕೆ 3 ಎದುರಾದಾಗ 36ರಲ್ಲಿ 4 ಸಲ ಯಾರಾದರೊಬ್ಬರು ನಾಶ. 4ಕ್ಕೆ 4 ಆದರೆ 2 ಸಲ. 5ಕ್ಕೆ 5 ಆದರೆ ಒಮ್ಮೆಯೂ ಇಲ್ಲ: ಕನಿಷ್ಠ ಮೊತ್ತ 6, ಗರಿಷ್ಠ 11, ಆರರ ಎರಡರಷ್ಟು ಬರುವುದೇ ಇಲ್ಲ. ಸಂಜೆಯಿಡೀ ತಳ್ಳಾಟ, ಸಾಯುವವರಿಲ್ಲ. ಅದಕ್ಕೇ ಮೂಲ ಬಲ 2ರಿಂದ 4ರೊಳಗೇ ಇಟ್ಟೆ. 4ಕ್ಕೆ 2 ಎದುರಾದರೆ ಬಲಹೀನ 36ರಲ್ಲಿ 9 ಸಲ ನಾಶವಾಗುತ್ತಾನೆ, ಅಷ್ಟು ಖಾರ ಸಾಕು.

ಕೋವಿಯ ದೂರ ಇನ್ನೊಂದು ಗುಂಡಿ. ಗೊಂಬೆಯ ಎತ್ತರ ನೋಡಿ ಅರ್ಧ ಅಡಿ ದೂರ ಕೊಟ್ಟುಬಿಡುತ್ತಾರೆ. 40 ಮಿ.ಮೀ. ತಳವನ್ನು 100 ಮೀಟರ್ ಎಂದು ಹಿಡಿದರೆ ಹಲಗೆ ಒಂದೂವರೆ ಕಿಲೋಮೀಟರ್ ಬಯಲು. ಆ ಕಾಲದ ಕೋವಿ ನೆಟ್ಟಗೆ ತಾಗುತ್ತಿದ್ದುದು 100 ಮೀಟರಿನೊಳಗೆ, ಹಾಗಾಗಿ ದೂರ ಒಂದು ತಳದಗಲ, ಅಷ್ಟೇ. ಬತ್ತಿಕೋವಿ ತುಂಬುವುದು ನಿಧಾನ: ನಡೆದ ಸರದಿಯಲ್ಲಿ ಹಾರಿಸುವಂತಿಲ್ಲ, ಹಾರಿಸಿದ ಮೇಲೆ ಒಂದು ಸರದಿ ಖಾಲಿ. ಖಾಲಿಯಾದ ತುಕಡಿಯ ಹಿಂದೆ ಒಂದು ಹುಣಸೆಬೀಜ. ಕೋವಿಗೆ ಬಲ 2 ಕೊಟ್ಟೆ, ಗುರಿಗೆ 3 ಇದ್ದರೆ 36ರಲ್ಲಿ 9 ಸಲ ಹಿಮ್ಮೆಟ್ಟಿಸುತ್ತದೆ, 1 ಸಲ ಕೊಲ್ಲುತ್ತದೆ. ಕೋವಿ ಸಾಲು ಕೆಡಿಸಲಿ, ತೀರ್ಮಾನ ಕತ್ತಿಯದಾಗಲಿ. ದೂರ ಹೆಚ್ಚಿಸಿ ಪ್ರತಿ ಸರದಿ ಹಾರಿಸಲು ಬಿಟ್ಟರೆ ಕುದುರೆ ಹತ್ತಿರಕ್ಕೇ ಬರುವುದಿಲ್ಲ.

ಕೂಟದಂಡಿಗೆ ಆಟದಲ್ಲಿ ನನ್ನ ಹಂಚಿಕೆ: ಬಿದನೂರು 5, ಹರಪನಹಳ್ಳಿ 3, ಸವಣೂರು 2, ರಾಯದುರ್ಗ 2. ಯಜಮಾನನಿಗೊಂದು ದಾಳ ಅಂತ ನಾಲ್ಕು ದಾಳ ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಫಲ ಮಾತ್ರ ಪೂರಾ ಉಲ್ಟಾ. ಒಂದು ದಾಳದ ಸರಾಸರಿ 3.5, ನಾಲ್ಕರದು 14. ಒಡಕು ದಂಡು ಒಗ್ಗಟ್ಟಿನ ದಂಡಿಗಿಂತ ಚುರುಕಾಗಿ ಓಡುತ್ತದೆ. ಸರಿಯಾದದ್ದು ಹೀಗೆ: ದಾಳ ಒಂದೇ. ಆ ಸರದಿಯಲ್ಲಿ ಮೊದಲು ಅಪ್ಪಣೆ ಪಡೆದ ಪಡೆಗೆ ಮಾಮೂಲಿ ಬೆಲೆ, ಆಮೇಲೆ ಮುಟ್ಟುವ ಪ್ರತಿ ಹೊಸ ಪಡೆಗೆ 1 ಹೆಚ್ಚು. 3 ಬಿದ್ದರೆ ಬಿದನೂರಿಗೆ 1, ಹರಪನಹಳ್ಳಿಗೆ 2, ಮುಗಿಯಿತು. ಸವಣೂರಿನವರು ನಿಂತು ನೋಡುತ್ತಾರೆ. ಚಂದಾ ಸಾಹೇಬನ ಎರಡು ತುಕಡಿಗೂ ಇದೇ ನಿಯಮ.

ನಾಯಕನ ಆನೆಯನ್ನು ಡಿಬಿಎಯ ಯುದ್ಧದಾನೆಯಂತೆ ಆಡಿಸಬಾರದು. ಅದು ಅವನ ಪೀಠ. ಬಲ 4, ಆದರೆ ಕೈಕಾಳಗದಲ್ಲಿ ಸೋತಾಗಲೆಲ್ಲ ಇನ್ನೊಂದು ದಾಳ, 1 ಬಿದ್ದರೆ ನಾಯಕ ಬಿದ್ದ. ಆಮೇಲೆ ಉಳಿದ 11 ತುಕಡಿಗೆ ಒಂದೊಂದು ದಾಳ. 1 ಅಥವಾ 2ಕ್ಕೆ ಓಡುತ್ತದೆ ಎಂದರೆ ಸರಾಸರಿ ಸುಮಾರು ಮೂರೂಮುಕ್ಕಾಲು ತುಕಡಿ ಹೋಗುತ್ತದೆ, ನಾಯಕನದೂ ಸೇರಿ ನಾಲ್ಕು ದಾಟಿ ಆಟ ಅಲ್ಲೇ ಬಂದ್. 1ಕ್ಕೆ ಮಾತ್ರ ಎಂದರೆ ಎರಡರ ಹತ್ತಿರ, ಆಟ ಉಸಿರಾಡುತ್ತದೆ. ಇತಿಹಾಸ ತೋರಿಸುವ ದಿನ ಮೊದಲನೆಯದು, ಪಂದ್ಯದ ದಿನ ಎರಡನೆಯದು ಅನ್ನುವುದು ನನ್ನ ರೂಢಿ.

ಹಲಗೆಗೆ 12 ಮಿ.ಮೀ. ಪ್ಲೈವುಡ್ ಇರಲಿ, 6 ಮಿ.ಮೀ. ಹಾಳೆ ನಮ್ಮ ಬೇಸಿಗೆಗೆ ಬಾಗುತ್ತದೆ. ತಳಕ್ಕೆ 3 ಮಿ.ಮೀ. ಎಂಡಿಎಫ್. ಗುಡ್ಡ ಇಳಿಜಾರಾಗಿ ಬೇಡ, ತಳ ಜಾರುತ್ತದೆ. ಥರ್ಮಾಕೋಲನ್ನು ಮೆಟ್ಟಿಲಾಗಿ ಕತ್ತರಿಸಿ. ಸ್ಪ್ರೇ ಪೇಂಟ್ ನೇರ ಹೊಡೆದರೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಮೊದಲು ಫೆವಿಕಾಲ್, ನೀರು ಸಮಸಮ ಕಲಸಿ ಎರಡು ಕೋಟ್ ಬಳಿದು, ಒಣಗಿದ ಮೇಲೆ ಎಮಲ್ಷನ್ ಹಚ್ಚಿ. ಬಂಡೆಗೆ ದುರ್ಗದಲ್ಲಿ ಅಂಗಡಿ ಹುಡುಕಬೇಕಾಗಿಲ್ಲ, ಮನೆ ಕಟ್ಟುವ ಕಡೆ ಉಳಿದ 12 ಎಂ.ಎಂ. ಜಲ್ಲಿ ತೊಳೆದಿಟ್ಟರೆ ಆಯಿತು. ಜಲ್ಲಿಯನ್ನು ಬಿಡಿಬಿಡಿಯಾಗಿ ಹರಡಿದರೆ ತುಕಡಿ ಬಂಡೆಯೊಳಗಿದೆಯೋ ಹೊರಗಿದೆಯೋ ಎಂದು ಜಗಳ ಗ್ಯಾರಂಟಿ. ಒಂದು ರಟ್ಟಿನ ತುಂಡಿಗೆ ಅಂಟಿಸಿ, ರಟ್ಟಿನ ಅಂಚೇ ಬಂಡೆನೆಲದ ಗಡಿ ಎಂದು ಆಟಕ್ಕೆ ಮುಂಚೆ ಇಬ್ಬರೂ ಒಪ್ಪಿಕೊಳ್ಳಿ. ತಳದ ಮೂಲೆ ತಾಗಿದರೂ ಒಳಗೇ ಲೆಕ್ಕ.