ರಾಶಿಯ ಬುಡದ ಹಿಡಿ, ರಾಶಿಯ ತುದಿಯ ಹಿಡಿ

ನಾಲ್ಕು ಸಾವಿರ ಟನ್ ಕಬ್ಬಿಣದ ಅದಿರಿನ ರಾಶಿ ಇದೆ ಅಂದುಕೊಳ್ಳಿ. ಅದರಲ್ಲಿ ಕಬ್ಬಿಣ ಎಷ್ಟು ಎಂದು ಹೇಳಲು ಲ್ಯಾಬಿನವರು ಕೊನೆಗೆ ಆಸಿಡ್‌ನಲ್ಲಿ ಕರಗಿಸುವುದು ಸುಮಾರು ಅರ್ಧ ಗ್ರಾಂ ಪುಡಿ. ಒಂದು ಚಿಟಿಕೆ ಅರಿಶಿನದಷ್ಟು. ಲೆಕ್ಕ ಹಾಕಿದರೆ ರಾಶಿಯನ್ನು 800 ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಆ ಚಿಟಿಕೆ ಏನು ಹೇಳುತ್ತದೋ ಅದೇ ರಾಶಿಯ ದರ್ಜೆ, ಅದೇ ಅದರ ದರ.

ನಾನು ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ 19 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸಂಡೂರು ಕಡೆಯ ಯಾರ್ಡುಗಳಿಗೆ ಹುಡುಗರನ್ನು ಕಳಿಸಿ ಅದಿರಿನ ಸ್ಯಾಂಪಲ್ ತರಿಸುತ್ತೇವೆ. ಗದಗ, ಹಾವೇರಿ ಕಡೆ ಚಿನ್ನ ಹುಡುಕುವವರ ಕಲ್ಲೂ ಬರುತ್ತದೆ. ಒಡೆದು, ಪಾಲು ಮಾಡಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ಲ್ಯಾಬಿಗೆ ಕಳಿಸುತ್ತೇವೆ. ಮೊದಲ ಆರು ವರ್ಷ ನನಗೆ ಯಂತ್ರಗಳ ಮೇಲೆಯೇ ಲಕ್ಷ್ಯ. ಕ್ರಷರ್ ಸರಿ ಇದೆಯಾ, ತಕ್ಕಡಿ ಸರಿ ಇದೆಯಾ, ಸ್ಯಾಂಪಲ್ ಒಣಗಿಸುವ ಒಲೆ 105 ಡಿಗ್ರಿಯಲ್ಲೇ ನಿಂತಿದೆಯಾ. ಹಿಡಿ ತುಂಬುವ ಕೈಯ ಕಡೆ ನಾನು ನೋಡಿರಲೇ ಇಲ್ಲ.

ಆಮೇಲೆ ಒಂದು ರಾಶಿಯ ವಿಷಯ ಬಂತು. ನಮ್ಮ ಸ್ಯಾಂಪಲ್‌ನಲ್ಲಿ ಕಬ್ಬಿಣ ಶೇಕಡಾ 61.8. ಮಾಲು ಕೊಂಡವರ ಕಾರ್ಖಾನೆಯಲ್ಲಿ 58.9. ಮೂರು ಅಂಕದ ಅಂತರ ಕೇಳಲು ಸಣ್ಣದು. ಆದರೆ ಕೇಂದ್ರ ಸರ್ಕಾರದ ಭಾರತೀಯ ಗಣಿ ಬ್ಯೂರೋ ಪ್ರತಿ ತಿಂಗಳು ಹೊರಡಿಸುವ ಸರಾಸರಿ ಮಾರಾಟ ದರದಲ್ಲಿ 58ರಿಂದ 60 ಒಂದು ದರ್ಜೆ, 60ರಿಂದ 62 ಇನ್ನೊಂದು ದರ್ಜೆ. ರಾಯಲ್ಟಿ ಆ ದರದ ಶೇಕಡಾ 15. ದರ್ಜೆ ಬದಲಾದರೆ ಕೊಳ್ಳುವವರ ಲೆಕ್ಕ, ಮಾರುವವರ ಲೆಕ್ಕ, ಸರ್ಕಾರದ ಲೆಕ್ಕ ಮೂರೂ ಬದಲಾಗುತ್ತವೆ. ನಮ್ಮಲ್ಲಿ ಉಳಿದಿದ್ದ ಪುಡಿಯನ್ನು ಮತ್ತೆ ಮೂರು ಸಲ ಪರೀಕ್ಷೆ ಮಾಡಿಸಿದೆ. 61.7, 61.8, 61.8. ಲ್ಯಾಬಿನದು ತಪ್ಪಲ್ಲ. ಪುಡಿ ತನ್ನ ಬಗ್ಗೆ ನಿಜವನ್ನೇ ಹೇಳುತ್ತಿತ್ತು. ಅದು ರಾಶಿಯ ಪುಡಿಯಾಗಿರಲಿಲ್ಲ, ಅಷ್ಟೇ.

ಮರುದಿನ ಬೆಳಗಿನ ಬಸ್ಸಿಗೆ ಗದಗ, ಕೊಪ್ಪಳ, ಹೊಸಪೇಟೆ ದಾಟಿ ಯಾರ್ಡಿಗೆ ಹೋದೆ. ಏನೂ ಮಾತಾಡದೆ ದೂರ ನಿಂತು ನೋಡಿದೆ. ನಮ್ಮ ಹುಡುಗ ಸ್ಕೂಪ್ ಹಿಡಿದು ರಾಶಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಒಂದು ಸ್ಕೂಪ್ ತುಂಬಿದ. ಎಲ್ಲವೂ ಬುಡದಲ್ಲೇ.

"ಯಾಕೋ ತಮ್ಮಾ, ಬರೇ ಕೆಳಗ ತಗೀತಿಯಲ್ಲ?" ಅಂದೆ.

"ಮ್ಯಾಲ ಹತ್ತಿದ್ರ ಕಾಲು ಜಾರತಾವ್ರಿ ಸರ. ಎಲ್ಲಾ ಒಂದ ಮಾಲ ಅಲ್ರಿ? ಅನ್ನ ಬೆಂದೈತಿಲ್ಲೊ ನೋಡಾಕ ಒಂದ ಅಗಳ ಸಾಕಲ್ರಿ."

ಅವನು ಉಡಾಫೆಯಿಂದ ಹೇಳಿದ ಮಾತಲ್ಲ ಅದು. ಅವನಿಗೆ ನಾನು ಕೊಟ್ಟಿದ್ದ ತರಬೇತಿ ಎಂದರೆ ಒಂದೇ ವಾಕ್ಯ: "ಇಪ್ಪತ್ತು ಸ್ಕೂಪ್ ತುಂಬಿಕೊಂಡು ಬಾ." ಇಪ್ಪತ್ತು ತುಂಬಿದ್ದ. ತಪ್ಪು ನನ್ನದು.

ಅನ್ನದ ಮಾತು ಅನ್ನಕ್ಕೆ ಸರಿ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಕುದಿ. ಅದಿರಿನ ರಾಶಿ ಹಾಗಲ್ಲ. ಟಿಪ್ಪರಿನಿಂದ ಸುರಿಯುವಾಗ ದಪ್ಪ ಗಡ್ಡೆಗಳು ಉರುಳಿಕೊಂಡು ಬುಡಕ್ಕೆ ಬರುತ್ತವೆ. ಪುಡಿ ನಡುವೆಯೇ, ಬಿದ್ದಲ್ಲೇ ನಿಲ್ಲುತ್ತದೆ. ಸಂಡೂರು ಕಡೆಯ ಅದಿರಿನಲ್ಲಿ ಗಟ್ಟಿ ಗಡ್ಡೆಯಲ್ಲಿ ಸಾಮಾನ್ಯವಾಗಿ ಕಬ್ಬಿಣ ಜಾಸ್ತಿ. ಜೇಡಿಮಣ್ಣು ಸೇರಿಕೊಳ್ಳುವುದು ಪುಡಿಯಲ್ಲಿ. ಬುಡದಲ್ಲಿ ತೆಗೆದ ಸ್ಯಾಂಪಲ್ ಪ್ರತಿ ಸಲವೂ ಮಾಲನ್ನು ಇರುವುದಕ್ಕಿಂತ ಒಳ್ಳೆಯದು ಅಂತಲೇ ಹೇಳುತ್ತದೆ. ಇಪ್ಪತ್ತರ ಬದಲು ಇನ್ನೂರು ಸ್ಕೂಪ್ ತೆಗೆದರೂ ಅಷ್ಟೇ. ಒಂದೇ ಕಡೆ ವಾಲಿದ ತಪ್ಪು ಎಣಿಕೆ ಹೆಚ್ಚಿಸಿದರೆ ಹೋಗುವುದಿಲ್ಲ.

ಹಾಗಂತ ಹುಡುಗನನ್ನು ರಾಶಿಯ ಮೇಲೆ ಹತ್ತಿಸುವುದೂ ಸರಿಯಲ್ಲ. ಸಡಿಲ ಅದಿರು ಕುಸಿದರೆ ಮನುಷ್ಯ ಸೊಂಟದವರೆಗೆ ಹೂತುಹೋಗುತ್ತಾನೆ. ಅವನು ಹತ್ತದೆ ಇದ್ದದ್ದು ಅವನ ಬುದ್ಧಿವಂತಿಕೆ. ನಿಂತ ರಾಶಿಯಿಂದ ಸರಿಯಾದ ಸ್ಯಾಂಪಲ್ ತೆಗೆಯುವುದು ಯಾರಿಗೂ ಆಗದ ಕೆಲಸ, ಯಾಕೆಂದರೆ ಹೊಟ್ಟೆಯೊಳಗಿನ ಮಾಲಿಗೆ ಕೈ ಹೋಗುವುದೇ ಇಲ್ಲ. ಮಾಲು ಓಡಾಡುವಾಗ ತೆಗೆಯಬೇಕು: ಬೆಲ್ಟಿನ ಮೇಲೆ ಹೋಗುವಾಗ, ಲಾರಿಗೆ ತುಂಬುವಾಗ, ರಾಶಿ ಕಟ್ಟುವಾಗ. ಆಗ ಪ್ರತಿ ಕಣಕ್ಕೂ ಸ್ಯಾಂಪಲ್‌ನಲ್ಲಿ ಬರಲು ಒಂದೇ ಸಮನಾದ ಅವಕಾಶ ಇರುತ್ತದೆ. ಈ ಕಸುಬಿನ ಮೂಲ ನಿಯಮ ಇದೊಂದೇ ಅಂತ ಹೇಳಿದರೂ ತಪ್ಪಿಲ್ಲ. ಅಂದಿನಿಂದ ನಾವು ಕರಾರಿನಲ್ಲೇ ಬರೆಸಲು ಶುರು ಮಾಡಿದೆವು: ರಾಶಿ ಕಟ್ಟುವಾಗ ನಮ್ಮ ಹುಡುಗರು ಅಲ್ಲಿರಬೇಕು, ಎಷ್ಟನೇ ಲೋಡಿಗೆ ತೆಗೆಯಬೇಕು ಅಂತ ಮೊದಲೇ ಗೊತ್ತಾಗಿರಬೇಕು. ಒಂದೆರಡು ಗಿರಾಕಿ ಕೈಬಿಟ್ಟರು. ಇರಲಿ.

ಹುಬ್ಬಳ್ಳಿಗೆ ವಾಪಸ್ ಬಂದು ಹುಡುಗರಿಗೆ ಕಲಿಸುವುದು ಹೇಗೆ ಅಂತ ಕೂತು ಯೋಚಿಸಿದೆ. ಬೋರ್ಡಿನ ಮೇಲೆ ಬರೆದು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ, ಯಾರ್ಡಿಗೆ ಹೋದಮೇಲೆ ಮರೆಯುತ್ತಾರೆ. ಮನೆಯಿಂದ ಒಂಬತ್ತು ಕೆಜಿ ಜೋಳ, ಒಂದು ಕೆಜಿ ಕಡಲೆ ತಂದೆ. ಶೆಡ್ಡಿನಲ್ಲಿ ತಾಡಪತ್ರಿ ಹಾಸಿ, ಎರಡನ್ನೂ ಕಲಸಿ, ಬಕೆಟ್‌ನಿಂದ ನಿಧಾನ ಸುರಿದು ಒಂದು ಸಣ್ಣ ರಾಶಿ ಮಾಡಿದೆ. "ನೋಡ್ರಪಾ, ಇದರಾಗ ಕಡ್ಲಿ ನೂರಕ್ಕ ಹತ್ತು ಪಾಲು ಐತಿ. ಇಷ್ಟು ನಿಮಗ ಹೇಳೇನಿ. ಈಗ ನೀವು ಸ್ಯಾಂಪಲ್ ತಗದು ನನಗ ಹೇಳ್ರಿ."

ಒಬ್ಬ ಬುಡದಲ್ಲಿ ತೆಗೆದ. ಒಬ್ಬ ತುದಿಯಲ್ಲಿ. ಆರಿಸಿ, ತೂಕ ಮಾಡಿದರು. ಬುಡದ ಹಿಡಿಯಲ್ಲಿ ಕಡಲೆ ನೂರಕ್ಕೆ 24. ತುದಿಯದರಲ್ಲಿ 3. ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇಡೀ ರಾಶಿಯನ್ನು ರಿಫಲ್ ಪೆಟ್ಟಿಗೆಯಲ್ಲಿ ಸುರಿಸಿದೆ. ಇದು ಒಂದು ಓಣಿ ಎಡಕ್ಕೆ, ಒಂದು ಓಣಿ ಬಲಕ್ಕೆ ಇಳಿಯುವಂತೆ ಮಾಡಿದ ತಗಡಿನ ಪೆಟ್ಟಿಗೆ. ಸುರಿದದ್ದು ಎರಡು ಸಮ ಪಾಲಾಗಿ ಬೀಳುತ್ತದೆ. ಒಂದು ಪಾಲನ್ನು ಮತ್ತೆ ಸುರಿ, ಮತ್ತೆ ಸುರಿ. ಕೊನೆಗೆ ಉಳಿದ ಅರ್ಧ ಕೆಜಿಯಷ್ಟು ಪಾಲಿನಲ್ಲಿ ಕಡಲೆ 10.4.

ಬ್ಯಾಡಗಿ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಆಗ ಬಾಯಿಬಿಟ್ಟ. "ಸರ, ಮಾರ್ಕೆಟ್‌ನಾಗ ಮೆಣಸಿನಕಾಯಿ ತಗೊಳ್ಳೋರು ಚೀಲದ ಬಾಯಾಗಿಂದು ನೋಡೂದಿಲ್ರಿ. ಒಳಗ ಕೈ ಹಾಕಿ ತಳದಾಗಿಂದು ಜಗ್ಗತಾರ." ಅವನ ಮನೆಯ ಮೆಣಸಿನಕಾಯಿ ಮಾರುವಾಗ ಕಂಡದ್ದು. ಇಷ್ಟು ದಿನ ಆ ಮಾತಿಗೂ ತನ್ನ ಸ್ಕೂಪಿಗೂ ಸಂಬಂಧ ಇದೆ ಅಂತ ಅವನಿಗೆ ಅನ್ನಿಸಿರಲಿಲ್ಲ. ಅವರಿಗೆ ಗೊತ್ತಿರುವ ಕಡೆಯಿಂದಲೇ ಪಾಠ ಶುರು ಮಾಡಬೇಕು ಅಂತ ನನಗೆ ಅವತ್ತು ತಿಳಿಯಿತು.

ಒಂದು ತಪ್ಪು ತಿದ್ದಿದ ಮೇಲೆ ಇನ್ನೊಂದು ಎದ್ದು ಬಂತು. ಮುಂದಿನ ತಿಂಗಳು ನಮ್ಮ ಅಂಕಿ ಕಾರ್ಖಾನೆಯದಕ್ಕಿಂತ ಕಡಿಮೆ ಬರತೊಡಗಿತು. ಮತ್ತೆ ಹೋಗಿ ನೋಡಿದೆ. ಜಾಗ ಸರಿ, ಲೋಡಿನ ಎಣಿಕೆ ಸರಿ. ಆದರೆ ಸ್ಕೂಪಿನ ಬಾಯಿ ಕಿರಿದು. ದಪ್ಪ ಗಡ್ಡೆ ಅದರಲ್ಲಿ ಕೂರುವುದಿಲ್ಲ, ಹುಡುಗ ಬೆರಳಿನಿಂದ ಸರಿಸಿ ಪಕ್ಕಕ್ಕಿಡುತ್ತಿದ್ದ. ಗಡ್ಡೆ ಹೊರಗೆ, ಪುಡಿ ಒಳಗೆ. ಸ್ಕೂಪಿನ ಬಾಯಿ ಮಾಲಿನಲ್ಲಿರುವ ಅತಿ ದೊಡ್ಡ ಗಡ್ಡೆಯ ಮೂರು ಪಟ್ಟಾದರೂ ಅಗಲ ಇರಬೇಕು. ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮೂರು ಅಳತೆಯ ಸ್ಕೂಪ್ ಮಾಡಿಸಿದೆ. ಹಿಡಿಕೆಗೆ ಕೆಂಪು, ಹಳದಿ, ಹಸಿರು ಬಣ್ಣ ಬಳಿಸಿದೆ. ಮಾಲಿನ ಗಾತ್ರ ನೋಡಿ ಬಣ್ಣ ಆರಿಸಿದರೆ ಆಯಿತು.

ಇದೆಲ್ಲ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ಒಂದು ಸರಳ ಉಪಾಯ ಇದೆ. ಒಂದನೇ, ಮೂರನೇ, ಐದನೇ ಸ್ಕೂಪುಗಳು ಒಂದು ಚೀಲಕ್ಕೆ. ಎರಡನೇ, ನಾಲ್ಕನೇ, ಆರನೇ ಸ್ಕೂಪುಗಳು ಇನ್ನೊಂದು ಚೀಲಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಒಡೆದು, ಪುಡಿ ಮಾಡಿ, ಲ್ಯಾಬಿಗೆ ಕಳಿಸಬೇಕು. ಎರಡರ ಅಂತರ ಕಡಿಮೆ ಇದ್ದರೆ ಕೈ ಹದದಲ್ಲಿದೆ ಎಂದು ಅರ್ಥ. ಎರಡೂ ಚೀಲದಲ್ಲಿ ಒಂದೇ ತಪ್ಪು ಸೇರಿದ್ದರೆ ಇದು ಹಿಡಿಯುವುದಿಲ್ಲ, ಆದ್ದರಿಂದ ಇದೊಂದನ್ನೇ ನಂಬಿ ಕೂರಬಾರದು. ಆದರೂ ಈ ಅಂತರಗಳನ್ನು ಶೆಡ್ಡಿನ ಗೋಡೆಯ ಮೇಲೆ ಬರೆದು ಹಾಕತೊಡಗಿದ ಮೇಲೆ ಹುಡುಗರ ರೀತಿಯೇ ಬದಲಾಯಿತು. ತಾವು ತುಂಬಿದ ಚೀಲ ಎಲ್ಲಿ ಹೋಯಿತು, ಏನಾಯಿತು ಅಂತ ಅವರಿಗೆ ಮೊದಲು ಗೊತ್ತೇ ಆಗುತ್ತಿರಲಿಲ್ಲ. ಈಗ ಬೆಳಿಗ್ಗೆ ಬಂದವರು ಚಹಾ ಕುಡಿಯುವ ಮೊದಲು ಗೋಡೆ ನೋಡುತ್ತಾರೆ.

ಶೆಡ್ಡಿನೊಳಗೂ ಇದೇ ಕಥೆ. ಹೊಸಬರು ಮೊದಲು ಪಾಲು ಮಾಡಿ ಆಮೇಲೆ ಒಡೆಯಲು ಹೋಗುತ್ತಾರೆ, ಒಡೆಯುವ ಕೆಲಸ ಕಡಿಮೆಯಾಗಲಿ ಅಂತ. ಕ್ರಮ ಅದಲ್ಲ. ಒಡೆ, ಪಾಲು ಮಾಡು, ಇನ್ನೂ ಸಣ್ಣಗೆ ಒಡೆ, ಮತ್ತೆ ಪಾಲು ಮಾಡು. ಪಿಯರ್ ಜಿ ಎಂಬ ಫ್ರೆಂಚ್ ವಿಜ್ಞಾನಿ ಜೀವಮಾನವೆಲ್ಲ ಈ ವಿಷಯಕ್ಕೇ ಕೊಟ್ಟವರು. ಅವರ ಲೆಕ್ಕದಲ್ಲಿ ಬೇಕಾಗುವ ಸ್ಯಾಂಪಲ್‌ನ ತೂಕ ಕಣದ ಗಾತ್ರದ ಘನಕ್ಕೆ ತಕ್ಕಂತೆ ಏರುತ್ತದೆ. ಕಲ್ಲಿನ ಗಾತ್ರ ಅರ್ಧ ಮಾಡಿದರೆ, ಅಷ್ಟೇ ಭರವಸೆಗೆ ಎಂಟನೇ ಒಂದು ಪಾಲು ತೂಕ ಸಾಕು. ಒಡೆಯದೆ ಪಾಲು ಮಾಡಿದರೆ ಒಂದು ದಪ್ಪ ಕಲ್ಲು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಅನ್ನುವುದರ ಮೇಲೆ ಫಲಿತಾಂಶ ನಿಲ್ಲುತ್ತದೆ.

ಚಿನ್ನದ ಕಲ್ಲಿನಲ್ಲಿ ಇದು ಹತ್ತು ಪಟ್ಟು ಕಷ್ಟ. ನಮ್ಮ ಗದಗ ಸೀಮೆಗೆ ಚಿನ್ನ ಹೊಸದಲ್ಲ. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ ಬರೆದದ್ದು 1874ರಲ್ಲಿ. ಈ ಚಿನ್ನ ಕಲ್ಲಿನಲ್ಲಿ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಒಂದು ಕಣ ಇಲ್ಲಿ, ಇನ್ನೊಂದು ಮಾರುದ್ದ ಆಚೆ. ಟನ್ನಿಗೆ 1 ಗ್ರಾಂ ಅಂದರೆ ಒಂದು ಕೆಜಿ ಪುಡಿಯಲ್ಲಿ ಒಂದೇ ಒಂದು ಮಿಲಿಗ್ರಾಂ. ಸಾಸಿವೆ ಕಾಳಿಗಿಂತ ಹಗುರ.

ಹೀಗಾಗಿ ಪ್ರತಿ ಇಪ್ಪತ್ತು ಸ್ಯಾಂಪಲ್‌ಗೆ ಒಂದರಂತೆ ಚಿನ್ನವೇ ಇಲ್ಲದ ಕಲ್ಲೊಂದನ್ನು ಸೇರಿಸುತ್ತೇವೆ. ಅದಕ್ಕೆ ಬ್ಲಾಂಕ್ ಅನ್ನುತ್ತೇವೆ. ಅದರಲ್ಲಿ ಚಿನ್ನ ಬಂದರೆ ನಮ್ಮಿಂದಲೇ ಸೇರಿದೆ ಎಂದು ಅರ್ಥ. ಒಂದು ಸಲ ಬ್ಲಾಂಕ್‌ನಲ್ಲಿ ಟನ್ನಿಗೆ 1.1 ಗ್ರಾಂ ಬಂತು. ಪುಡಿ ಮಾಡುವ ಪಾತ್ರೆಯನ್ನು ಹಿಂದಿನ ಸ್ಯಾಂಪಲ್ ಆದಮೇಲೆ ತೊಳೆದಿಲ್ಲ ಅಂದುಕೊಂಡೆ. ಪುಸ್ತಕ ನೋಡಿದರೆ ಬರೀ ಬೆಣಚುಕಲ್ಲು ಹಾಕಿ ಎರಡು ಸಲ ತಿರುಗಿಸಿ ಸ್ವಚ್ಛ ಮಾಡಿದ್ದಾರೆ. ಎಲ್ಲರನ್ನೂ ಕೂರಿಸಿ ಏನೇನು ಮಾಡಿದಿರಿ ಅಂತ ಒಂದೊಂದೇ ಹೆಜ್ಜೆ ಕೇಳಿದೆ. ಮದುವೆಯಾಗಿ ತಿಂಗಳಾಗಿದ್ದ ಹುಡುಗಿ ತನ್ನ ಕೈ ಮುಂದೆ ಚಾಚಿದಳು. "ಸರ, ಜರಡಿ ಮ್ಯಾಲ ಉಳದದ್ದನ್ನ ಬೆರಳಿಲೆ ತಿಕ್ಕಿದೆ." ಬೆರಳಲ್ಲಿ ಹೊಸ ಬಂಗಾರದ ಉಂಗುರ. ಒಳಮೈಯಲ್ಲಿ ಸಣ್ಣ ಗೀರುಗಳು.

ಅವಳು ಮುಚ್ಚಿಟ್ಟಿದ್ದರೆ ನಮಗೆ ತಿಂಗಳುಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಹೇಳಿದ್ದಕ್ಕೆ ಎಲ್ಲರೆದುರು ಶಹಬ್ಬಾಸ್ ಅಂದೆ. ಆ ಇಡೀ ಕಂತಿನ ಸ್ಯಾಂಪಲ್‌ಗಳನ್ನು ಎತ್ತಿಟ್ಟಿದ್ದ ಪಾಲಿನಿಂದ ಮತ್ತೆ ಮಾಡಿದೆವು. "ಹಂಗಾರ ತಾಳಿನೂ ತಗೀಬೇಕೇನ್ರಿ?" ಅಂತ ಅವಳು ಮೆಲ್ಲಗೆ ಕೇಳಿದಳು. ಅಲ್ಲಿದ್ದ ಹಿರಿಯ ಅಕ್ಕ ಅದಕ್ಕೆ ದಾರಿ ಹುಡುಕಿದರು. ಕುತ್ತಿಗೆಯವರೆಗೂ ಮುಚ್ಚುವ, ಮಣಿಕಟ್ಟಿಗೆ ಇಲಾಸ್ಟಿಕ್ ಇರುವ ಏಪ್ರನ್ ಹೊಲಿಸಿದರು. ತಾಳಿ ಒಳಗೆ ಉಳಿಯಿತು. ಉಂಗುರ, ಬಳೆ ಮನೆಯಲ್ಲಿ.

ಪಾಲು ಎತ್ತಿಡುವುದರ ಬೆಲೆಯನ್ನು ನಾನು ಎಲ್ಲರಿಗೂ ಬುಸಾಂಗ್ ಹೆಸರು ಹೇಳಿ ತಿಳಿಸುತ್ತೇನೆ. ಇಂಡೋನೇಷ್ಯಾದ ಆ ಜಾಗದಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಭಾರೀ ಚಿನ್ನ ಇದೆ ಎಂದು ಹೇಳಿತ್ತು. ಸ್ಯಾಂಪಲ್‌ಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಯಿತು. ಅಲ್ಲಿ ಕೊರೆದು ತೆಗೆದ ಕಲ್ಲನ್ನು ಉದ್ದಕ್ಕೆ ಸೀಳಿ ಅರ್ಧ ಎತ್ತಿಡುವ ಪದ್ಧತಿಯನ್ನೇ ಬಿಟ್ಟು ಬಹುತೇಕ ಎಲ್ಲವನ್ನೂ ಪುಡಿ ಮಾಡಿದ್ದರು. ಮತ್ತೆ ನೋಡೋಣ ಅಂದರೆ ಕಲ್ಲೇ ಹೆಚ್ಚು ಉಳಿದಿರಲಿಲ್ಲ.

ಧೂಳಿನ ಮಾತು ಹೇಳದೆ ಬಿಡಲಾರೆ. ಬೆಣಚುಕಲ್ಲಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. ಬಂದಮೇಲೆ ವಾಸಿಯಾಗದ ರೋಗ ಅದು. ಹೀರು ಪಂಖ ಓಡದೆ ಪುಡಿ ಯಂತ್ರ ಶುರು ಮಾಡುವಂತಿಲ್ಲ. ಕಸಬರಿಗೆ ಹಿಡಿದು ಒಣ ಧೂಳು ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಾಸ್ಕ್ ಬೇಸಿಗೆಯಲ್ಲಿ ಉಸಿರು ಕಟ್ಟಿಸುತ್ತದೆ, ನಿಜ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಪುಡಿ ಮಾಡುವ ಕೆಲಸ ಬೆಳಿಗ್ಗೆ ಆರಕ್ಕೇ ಶುರು ಮಾಡಿ ಹನ್ನೊಂದಕ್ಕೆ ಮುಗಿಸುತ್ತೇವೆ.

ಇನ್ನೂ ಒಂದು ಕೊರತೆ ಉಳಿದಿದೆ. ಯಾರ್ಡಿನಲ್ಲಿ ಬಕೆಟ್ ಎಲ್ಲಿ ಹಾಕಬೇಕು, ಮಾಲು ಹೇಗೆ ಸುರಿಯಬೇಕು ಅನ್ನುವುದು ಜೆಸಿಬಿ ಓಡಿಸುವವರ ಕೈಯಲ್ಲಿದೆ. ಹೋದ ತಿಂಗಳು ನಮ್ಮ ಹುಡುಗ ಒಬ್ಬರಿಗೆ "ಅಣ್ಣಾ, ಒಂದ ಕಡೆಯಿಂದ ತುಂಬಬ್ಯಾಡ್ರಿ, ಸ್ಯಾಂಪಲ್ ಕೆಡತೈತಿ" ಅಂದನಂತೆ. ಅವರು ಕೇಳಲಿಲ್ಲ. ಹುಡುಗ ಸ್ಕೂಪ್ ಕೆಳಗಿಟ್ಟು, ಸ್ಯಾಂಪಲ್ ನಿಲ್ಲಿಸಿ, ನನಗೆ ಫೋನ್ ಮಾಡಿದ. ಬುಡದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಅದೇ ಹುಡುಗ. ಲಾರಿಗಳು ಒಂದೂವರೆ ತಾಸು ಸಾಲಾಗಿ ನಿಂತವು. ಯಾರ್ಡಿನವರು ನನಗೆ ಜೋರು ಮಾಡಿದರು, ನಾನು ಹುಡುಗನ ಪರ ನಿಂತೆ. ಆಮೇಲೆ ಆ ಚಾಲಕರೇ ನನಗೆ ಫೋನ್ ಮಾಡಿ, "ಅದೇನು ಕಡ್ಲಿ ಜ್ವಾಳದ ಆಟ ಅಂತಲ್ರಿ, ನಮಗೂ ತೋರಸ್ರಿ" ಅಂದರು. ಬರುವ ಭಾನುವಾರ ನಾಲ್ವರು ಬರುತ್ತಿದ್ದಾರೆ. ಹಳೆಯ ಕಡಲೆಗೆ ಹುಳ ಬಿದ್ದಿತ್ತು, ಹೊಸದು ಒಂದು ಕೆಜಿ ತಂದಿಟ್ಟಿದ್ದೇನೆ.